ಅಜ್ಜನ ಟ್ರಂಕಿನಲ್ಲಿ ಸಿಕ್ಕಿದ ಕುದುರೆಮುಖದ ಹಳೇ ನಕ್ಷೆ: ಇಡುವುದು ಹೇಗೆ, ಓದುವುದು ಹೇಗೆ?

ಪ್ರಶ್ನೆ: ನಾನು ಉಡುಪಿಯವಳು. ಅಮ್ಮನ ತವರು ಬೆಳ್ತಂಗಡಿ ತಾಲೂಕಿನಲ್ಲಿ, ಘಟ್ಟದ ಬುಡದಲ್ಲಿ. ಆ ಹಳೇ ಮನೆ ಕೆಡವುವಾಗ ಅಟ್ಟದ ಟ್ರಂಕಿನಲ್ಲಿ ಒಂದು ನಕ್ಷೆ ಸಿಕ್ಕಿತು. 16 ತುಂಡು ಮಾಡಿ ಬಟ್ಟೆಗೆ ಅಂಟಿಸಿದ್ದಾರೆ. ಮಡಚಿದರೆ ಪುಸ್ತಕದಷ್ಟಾಗುತ್ತದೆ. ಮೂಲೆಯಲ್ಲಿ 48 ಓ/8 ಎಂದಿದೆ. ಒಂದು ಇಂಚಿಗೆ ಒಂದು ಮೈಲಿ ಎಂಬ ಅಳತೆ. ಇಸವಿಯಲ್ಲಿ 192 ಅಂತ ಮಾತ್ರ ಕಾಣುತ್ತದೆ, ಕೊನೆಯ ಅಂಕಿಯನ್ನು ಹುಳ ತಿಂದಿದೆ. ಟ್ಯಾಂಡಿ ಎಂಬ ಅಧಿಕಾರಿಯ ಹೆಸರಿದೆ. ಕುದುರೆಮುಖ, ಕಳಸ ಎಲ್ಲ ಇದರಲ್ಲಿವೆ. ಅಜ್ಜ ಮರದ ಕಂಟ್ರಾಕ್ಟರರ ಹತ್ತಿರ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಕೆಲವು ಹೊಳೆಗಳ ಪಕ್ಕ ಅವರು ಪೆನ್ಸಿಲಿನಲ್ಲಿ ಗುರುತು ಹಾಕಿದ್ದಾರೆ. ಈಗ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಇದು ಮಿಲಿಟರಿ ನಕ್ಷೆ, ಮನೆಯಲ್ಲಿ ಇಟ್ಟುಕೊಂಡರೆ ಕೇಸಾಗುತ್ತದೆ ಅಂತ ಪಕ್ಕದ ಮನೆಯವರು. ಲ್ಯಾಮಿನೇಟ್ ಮಾಡಿ ಗೋಡೆಗೆ ಹಾಕೋಣ ಅಂತ ತಮ್ಮ. ವಿದೇಶದವರಿಗೆ ಮಾರಿದರೆ ಲಕ್ಷ ಬರುತ್ತದೆ ಅಂತ ಅವನ ಗೆಳೆಯ. ಕುಮ್ಕಿ ಜಾಗದ ತಕರಾರಿಗೆ ದಾಖಲೆಯಾಗುತ್ತದೆ ಅಂತ ಸೋದರಮಾವ. ಮಗನಿಗೆ ಇದರಲ್ಲಿರುವ ಕಾಲುದಾರಿ ಹಿಡಿದು ಚಾರಣ ಹೋಗುವ ಆಸೆ. ನಕ್ಷೆಯ ಮೇಲೆ ಬೂಷ್ಟು ಕೂಡ ಬಂದಿದೆ. ಏನು ಮಾಡಲಿ?

ಉತ್ತರ: ಮೊದಲು ಒಂದು ಮಾತು. ಈ ಉತ್ತರ ಓದಿ ಮುಗಿಯುವ ತನಕ ನಕ್ಷೆಗೆ ಏನೂ ಮಾಡಬೇಡಿ. ಒರೆಸಬೇಡಿ, ಬಿಸಿಲಿಗೆ ಹಾಕಬೇಡಿ, ಇಸ್ತ್ರಿ ಮಾಡಬೇಡಿ, ಟೇಪ್ ಅಂಟಿಸಬೇಡಿ. ತಮ್ಮನಿಗೂ ಹೇಳಿ. ಹಳೇ ನಕ್ಷೆ ದುರಸ್ತಿ ಮಾಡುವ ಕೆಲಸದಲ್ಲಿ ನಾನು ತುಂಬ ವರ್ಷ ಇದ್ದೇನೆ. ನನ್ನ ಮೇಜಿಗೆ ಬಂದ ನಕ್ಷೆಗಳಲ್ಲಿ ಹುಳ ತಿಂದು ಹಾಳಾದವುಗಳಿಗಿಂತ ಪ್ರೀತಿಯಿಂದ ಸರಿಮಾಡಲು ಹೋಗಿ ಹಾಳಾದವುಗಳೇ ಜಾಸ್ತಿ.

ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ. ಆದರೆ ಅವುಗಳ ಹಿಂದಿರುವ ಚಿಂತೆ ಒಂದೇ: ನಮ್ಮ ಕೈಯಲ್ಲಿರುವುದು ಏನು? ಅಲ್ಲಿಂದಲೇ ಶುರು ಮಾಡೋಣ.

48 ಓ/8 ಎಂಬುದು ಸರ್ಕಾರದ ನಕ್ಷೆ ಮಾಡುವ ಇಲಾಖೆ ಸರ್ವೆ ಆಫ್ ಇಂಡಿಯಾ ಕೊಟ್ಟ ಹಾಳೆಯ ನಂಬರು. ದೇಶವನ್ನು ಅವರು ನಾಲ್ಕು ನಾಲ್ಕು ಡಿಗ್ರಿಯ ದೊಡ್ಡ ಚೌಕಗಳಾಗಿ ವಿಂಗಡಿಸಿ ನಂಬರು ಕೊಟ್ಟರು. ನಮ್ಮ ಕರಾವಳಿ ಬಂದದ್ದು 48ರಲ್ಲಿ. ಆ ಚೌಕವನ್ನು ಒಂದೊಂದು ಡಿಗ್ರಿಯಂತೆ 16 ಪಾಲು ಮಾಡಿ ಎ ಯಿಂದ ಪಿ ತನಕ ಅಕ್ಷರ ಕೊಟ್ಟರು. ಪ್ರತಿ ಅಕ್ಷರದ ಚೌಕವನ್ನು ಮತ್ತೆ 16 ಹಾಳೆ ಮಾಡಿದರು. ಮಂಗಳೂರು ಪಟ್ಟಣ 48 ಎಲ್/13ರಲ್ಲಿದೆ. ನಿಮ್ಮ ಹಾಳೆಯ ಒಂದು ಬದಿ ನೆಲದ ಮೇಲೆ ಸುಮಾರು 27 ಕಿಲೋಮೀಟರ್. ಕುದುರೆಮುಖ ಶಿಖರ ಅದರ ಎಡ ಅಂಚಿನ ಹತ್ತಿರವೇ ಇದೆ, ಅಂಚಿನಿಂದ ಸುಮಾರು ಒಂದು ಇಂಚು ಒಳಗೆ. ಹಾಗಾಗಿ ಶಿಖರದ ಪಶ್ಚಿಮದ ಗುಡ್ಡಗಳನ್ನು ನೋಡಬೇಕಾದರೆ ಪಕ್ಕದ 48 ಓ/4 ಹಾಳೆ ಬೇಕು.

ಇಸವಿಯ ಕೊನೆಯ ಅಂಕಿ ಹೋಯಿತು ಅಂತ ಬೇಜಾರು ಬೇಡ. ಟ್ಯಾಂಡಿ 1924ರಿಂದ 1928ರ ತನಕ ಸರ್ವೇಯರ್ ಜನರಲ್, ಅಂದರೆ ಸರ್ವೆ ಆಫ್ ಇಂಡಿಯಾದ ಮುಖ್ಯಸ್ಥ, ಆಗಿದ್ದವರು. ಅವರಿಗಿಂತ ಮೊದಲು, 1919ರಿಂದ 1924ರ ತನಕ, ರೈಡರ್ ಇದ್ದರು. ಆದ್ದರಿಂದ ನಿಮ್ಮ ನಕ್ಷೆ ಹೊರಬಂದದ್ದು ಆ ನಾಲ್ಕೈದು ವರ್ಷಗಳೊಳಗೆ. ಇಲ್ಲಿ ಒಂದು ವಿಷಯ ಗಮನಿಸಿ. ಪ್ರಕಟವಾದ ವರ್ಷ ಬೇರೆ, ನೆಲ ಅಳೆದ ವರ್ಷ ಬೇರೆ. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಸರ್ವೆ ನಡೆದ ವರ್ಷಗಳೂ ಇರುತ್ತವೆ, ಭೂತಗನ್ನಡಿ ಹಿಡಿದು ನೋಡಿ. ನಕ್ಷೆ ತೋರಿಸುವುದು ಆ ವರ್ಷಗಳ ಕಾಡನ್ನು, ಆ ವರ್ಷಗಳ ಹೊಳೆಯನ್ನು. ಎಷ್ಟೋ ಮಂದಿ ಮುದ್ರಣದ ಇಸವಿ ನೋಡಿ, ಈ ರಸ್ತೆ ಆಗ ಇರಲಿಲ್ಲ ಅಂತ ವಾದ ಮಾಡುತ್ತಾರೆ. ಅಳೆದು ಹೋದ ಮೇಲೆ ರಸ್ತೆ ಆಗಿರಬಹುದಲ್ವಾ?

ಈಗ ಪೊಲೀಸ್ ಕೇಸಿನ ಭಯ. ಈ ಮಾತು ಸುಮ್ನೆ ಹುಟ್ಟಿದ್ದಲ್ಲ, ಅದಕ್ಕೊಂದು ಕಾರಣ ಇದೆ. ಸ್ವಾತಂತ್ರ್ಯ ಬಂದ ಮೇಲೆ ಗಡಿ ಮತ್ತು ಕಡಲತೀರದಿಂದ ಸುಮಾರು 80 ಕಿಲೋಮೀಟರ್ ಒಳಗಿನ ದೊಡ್ಡ ಅಳತೆಯ ನಕ್ಷೆಗಳನ್ನು ಸರ್ಕಾರ ನಿರ್ಬಂಧದಲ್ಲಿ ಇಟ್ಟಿತ್ತು. ನಮ್ಮ ಮಂಗಳೂರು, ಉಡುಪಿ, ಘಟ್ಟದ ತುದಿ ಎಲ್ಲ ಅದರೊಳಗೆ ಬಂದವು. ಕಾಲೇಜಿನ ಭೂಗೋಳ ವಿಭಾಗಕ್ಕೆ ಒಂದು ಹಾಳೆ ಬೇಕಾದರೂ ಅನುಮತಿಗೆ ಕಾಯಬೇಕಿತ್ತು. ಆ ಕಾಲದ ನಕ್ಷೆ ಮೇಲೆ ನಿರ್ಬಂಧಿತ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ನಮ್ಮ ಕಡೆಯ ಹಿರಿಯರಿಗೆ ನಕ್ಷೆ ಎಂದರೆ ಇರುವ ಭಯ ಬಂದದ್ದು ಅಲ್ಲಿಂದ. 2005ರ ರಾಷ್ಟ್ರೀಯ ನಕ್ಷೆ ನೀತಿ ಬಂದ ಮೇಲೆ ಜನರಿಗೆ ಒಂದು ಸರಣಿ, ರಕ್ಷಣಾ ಕೆಲಸಕ್ಕೆ ಇನ್ನೊಂದು ಸರಣಿ ಎಂದಾಯಿತು. 2021ರ ಫೆಬ್ರವರಿಯಲ್ಲಿ ನಿಯಮ ಇನ್ನಷ್ಟು ಸಡಿಲವಾಯಿತು. ನಿಮ್ಮದು ಇದಕ್ಕೆಲ್ಲ ಹಿಂದಿನ ನಕ್ಷೆ. ಅಂಚಿನಲ್ಲಿ ಬೆಲೆ ಅಚ್ಚಾಗಿದೆಯಾ ನೋಡಿ. ಬೆಲೆ ಇದ್ದರೆ ಅದು ಜನರು ಕೊಂಡುಕೊಳ್ಳಲೆಂದೇ ಮುದ್ರಿಸಿದ ಹಾಳೆ. ಅಜ್ಜನ ಕಾಲದ ಈ ನಕ್ಷೆಯನ್ನು ಮನೆಯಲ್ಲಿ ಇಟ್ಟುಕೊಳ್ಳಲು ನೀವು ಹೆದರಬೇಕಾಗಿಲ್ಲ.

ಆದರೆ ವಿದೇಶಕ್ಕೆ ಕಳಿಸುವುದು ಬೇರೆ ವಿಷಯ. ಇದರಲ್ಲಿ ನಿಜವಾದ ಅಪಾಯ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ 75 ವರ್ಷ ದಾಟಿದ, ಚರಿತ್ರೆ ಅಥವಾ ವಿಜ್ಞಾನದ ದೃಷ್ಟಿಯಿಂದ ಬೆಲೆಯುಳ್ಳ ದಾಖಲೆಗಳೂ ಸೇರುತ್ತವೆ. ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ತಮ್ಮನ ಗೆಳೆಯ ಹೇಳಿದ ಲಕ್ಷದ ಮಾತಿಗೂ ಆಧಾರ ಇಲ್ಲ. ಇವು ಕಲ್ಕತ್ತೆಯಲ್ಲಿ ಯಂತ್ರದಲ್ಲಿ ಅಚ್ಚಾದ ಹಾಳೆಗಳು. ಬ್ರಿಟಿಷ್ ಲೈಬ್ರರಿಯಂಥ ಕಡೆ ಈ ಸರಣಿಯ ನಕ್ಷೆಗಳ ದೊಡ್ಡ ಸಂಗ್ರಹವೇ ಇದೆ. ಕೊಳ್ಳುವವರ ಕಣ್ಣಿಗೆ ನಿಮ್ಮದು ಹುಳ ತಿಂದ ಒಂದು ಪ್ರತಿ. ನನಗೆ ಹಾಗೆ ಕಾಣುವುದಿಲ್ಲ. ಬೇರೆ ಯಾವ ಪ್ರತಿಯಲ್ಲೂ ಇಲ್ಲದ್ದು ಇದರಲ್ಲೊಂದಿದೆ, ನಿಮ್ಮ ಅಜ್ಜನ ಪೆನ್ಸಿಲ್ ಗುರುತು. ಅದಕ್ಕೆ ಆಮೇಲೆ ಬರುತ್ತೇನೆ.

ಸೋದರಮಾವನ ಆಸೆ ನನಗೆ ಅರ್ಥವಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಕುಮ್ಕಿಯ ತಕರಾರು ಇಲ್ಲದ ಕುಟುಂಬ ಕಡಿಮೆ. ಆದರೆ ಲೆಕ್ಕ ನೋಡಿ. ಕುಮ್ಕಿ ಎಂದರೆ ವರ್ಗ ಜಮೀನಿನಿಂದ (ಪಟ್ಟಾ ಇರುವ ಸ್ವಂತ ಜಮೀನಿನಿಂದ) ನೂರು ಗಜದ ಒಳಗಿನ ಸರ್ಕಾರಿ ಜಾಗ. ಈ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಸುಮಾರು 63 ಮೀಟರ್. ಅಂದರೆ ನೂರು ಗಜ ಇಲ್ಲಿ ಒಂದೂವರೆ ಮಿಲಿಮೀಟರ್ ಕೂಡ ಇಲ್ಲ. ಒಂದು ಕಾಲುದಾರಿಯ ಗೆರೆಯ ದಪ್ಪದಲ್ಲೇ ಅಡಿಕೆ ತೋಟದ ಬೇಲಿ ಮುಳುಗಿ ಹೋಗುತ್ತದೆ. ಜೊತೆಗೆ ಈ ನಕ್ಷೆಯಲ್ಲಿ ಸರ್ವೆ ನಂಬರಿನ ಗಡಿಗಳೇ ಇರುವುದಿಲ್ಲ. ಇರುವುದು ರಾಜ್ಯದ, ಜಿಲ್ಲೆಯ, ತಾಲೂಕಿನ, ಮೀಸಲು ಕಾಡಿನ ಗಡಿ. ಜಾಗದ ಗಡಿಗೆ ಬೇಕಾದದ್ದು ಕಂದಾಯ ಇಲಾಖೆಯ ಹಳೇ ಅಳತೆ ಪುಸ್ತಕ, ಅಡಂಗಲ್ ಎಂಬ ಹಳೇ ಜಮೀನು ದಾಖಲೆ, ಗ್ರಾಮ ನಕ್ಷೆ. ಸರ್ಕಾರ ಮಾಡಿಸಿದ ನಕ್ಷೆಯನ್ನು ಕೋರ್ಟು ನೋಡುವುದುಂಟು. ಇಲ್ಲಿ ಹಿಂದೆಯೂ ಒಂದು ದಾರಿ ಇತ್ತು ಎನ್ನುವಷ್ಟಕ್ಕೆ ಅದು ಪೂರಕವಾಗಬಹುದು, ಯಾರ ಜಾಗ ಎನ್ನುವುದಕ್ಕೆ ಅಲ್ಲ. ಮೂಲ ಪ್ರತಿಯನ್ನಂತೂ ಫೈಲಿಗೆ ಸೇರಿಸಿ ಕೊಡಬೇಡಿ ಅಂತ ಮಾವನಿಗೆ ಹೇಳಿ. ಫೈಲಿನೊಳಗೆ ಹೋದ ಕಾಗದ ವಾಪಸ್ ಮನೆಗೆ ಬರುವುದು ಕಷ್ಟ.

ಮಗನ ಚಾರಣದ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು, ಏಕೆಂದರೆ ಇದು ಜೀವದ ಪ್ರಶ್ನೆ.

ಆ ಕಾಲದಲ್ಲಿ ಇಂಥ ಕಾಡಿನ ನಕ್ಷೆಯನ್ನು ಮಾಡುತ್ತಿದ್ದದ್ದು ಪ್ಲೇನ್ ಟೇಬಲ್ ಎಂಬ ಮೂರು ಕಾಲಿನ ಹಲಗೆಯ ಮೇಲೆ. ಸರ್ವೇಯರ್ ಖಲಾಸಿಗಳ ಜೊತೆ ಗುಡ್ಡ ಹತ್ತುತ್ತಾನೆ. ಹಲಗೆಯ ಮೇಲೆ ಕಾಗದ ಹರಡುತ್ತಾನೆ. ಮೊದಲೇ ಲೆಕ್ಕ ಹಾಕಿಟ್ಟ ಶಿಖರಗಳತ್ತ ಗುರಿ ಹಿಡಿದು ಗೆರೆ ಎಳೆಯುತ್ತಾನೆ. ಗೆರೆಗಳು ಕೂಡುವಲ್ಲಿ ತಾನು ನಿಂತ ಜಾಗ ಸಿಗುತ್ತದೆ. ಅಲ್ಲಿಂದ ಕಂಡದ್ದನ್ನು ಅಲ್ಲೇ ಬರೆಯುತ್ತಾನೆ. ಬೋಳು ಹುಲ್ಲುಗುಡ್ಡದ ಮೇಲೆ ಈ ಕ್ರಮ ಅದ್ಭುತವಾಗಿ ಕೆಲಸ ಮಾಡುತ್ತದೆ. ಕುದುರೆಮುಖದ ಏಣುಗಳು, ಅಂದರೆ ಬೆಟ್ಟದ ನೆತ್ತಿಯ ಸಾಲುಗಳು, ಆ ನಕ್ಷೆಗಳಲ್ಲಿ ಎಷ್ಟು ಚೆನ್ನಾಗಿ ಬಂದಿವೆ ಎಂದರೆ ಇವತ್ತು ನೋಡಿದರೂ ಕೈ ಮುಗಿಯಬೇಕು ಅನಿಸುತ್ತದೆ. ಆದರೆ ಕಣಿವೆಯೊಳಗೆ, ದಟ್ಟ ಶೋಲಾ ಕಾಡಿನ ಕೆಳಗೆ, ಅವನಿಗೆ ಏನೂ ಕಾಣುವುದಿಲ್ಲ. ಅಲ್ಲಿನ ಎಷ್ಟೋ ತೊರೆಗಳ ತಿರುವು ಅವನ ಅಂದಾಜು. ವಿಮಾನದಿಂದ ತೆಗೆದ ಚಿತ್ರ ಅವನ ಕೈಯಲ್ಲಿರಲಿಲ್ಲ.

ಇನ್ನೊಂದು ಕಾರಣ ಮಳೆ. ಸರ್ವೆಯವರು ಹೊರಗೆ ಕೆಲಸ ಮಾಡುತ್ತಿದ್ದದ್ದು ಚಳಿ ಮತ್ತು ಬೇಸಿಗೆಯಲ್ಲಿ. ಮಳೆಗಾಲದಲ್ಲಿ ಆಫೀಸಿನಲ್ಲಿ ಕೂತು ನಕ್ಷೆ ಪೂರ್ತಿ ಮಾಡುತ್ತಿದ್ದರು. ಹಾಗಾಗಿ ವರ್ಷವಿಡೀ ನೀರಿರುವ ಹೊಳೆಯನ್ನು ನೀಲಿಯಲ್ಲಿ, ಬೇಸಿಗೆಯಲ್ಲಿ ಒಣಗುವುದನ್ನು ಕಪ್ಪಿನಲ್ಲಿ ತೋರಿಸಿದರು. ಓದಲು ಬಾರದವರು ಕಪ್ಪು ಗೆರೆ ಎಂದರೆ ಸಣ್ಣ ತೋಡು ಅಂದುಕೊಳ್ಳುತ್ತಾರೆ. ಜೋರು ಮಳೆಯ ಆಟಿ ತಿಂಗಳಲ್ಲಿ ಘಟ್ಟದ ಆ ಕಪ್ಪು ಗೆರೆ ಮನುಷ್ಯನನ್ನು ಎಳೆದುಕೊಂಡು ಹೋಗುತ್ತದೆ.

ಆಮೇಲೆ ನೆಲವೇ ಬದಲಾಗಿದೆ. ಕುದುರೆಮುಖದ ಕಬ್ಬಿಣದ ಅದಿರಿನ ಕಂಪನಿ 1976ರಲ್ಲಿ ಶುರುವಾಯಿತು. ಕಾಡಿನ ನಡುವೆ ಊರು ಎದ್ದಿತು, ಲಕ್ಯಾ ಹೊಳೆಗೆ ಅಣೆಕಟ್ಟು ಬಂತು. ಅದಿರನ್ನು ನೀರಿನೊಂದಿಗೆ ಕಲಸಿ 67 ಕಿಲೋಮೀಟರ್ ಪೈಪಿನಲ್ಲಿ ಪಣಂಬೂರಿಗೆ ಕಳಿಸಿದರು. 1987ರಲ್ಲಿ ಸುತ್ತಲಿನ ಸುಮಾರು 600 ಚದರ ಕಿಲೋಮೀಟರ್ ಕಾಡು ರಾಷ್ಟ್ರೀಯ ಉದ್ಯಾನ ಆಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಇದಾವುದೂ ನಿಮ್ಮ ನಕ್ಷೆಗೆ ಗೊತ್ತಿಲ್ಲ. ಅದರಲ್ಲಿ ಚುಕ್ಕಿ ಚುಕ್ಕಿಯಾಗಿ ಹೋಗುವ ಕಾಲುದಾರಿಯಲ್ಲಿ ಎಷ್ಟೋ ವರ್ಷಗಳಿಂದ ಯಾರೂ ನಡೆದಿರಲಿಕ್ಕಿಲ್ಲ. ಅಲ್ಲಿಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕೇಬೇಕು. ಅವರು ಗೊತ್ತುಮಾಡಿದ ದಾರಿ ಬಿಟ್ಟು ಹೋದರೆ ಅಪರಾಧ. ಮೊಬೈಲಿನ ಜಿಪಿಎಸ್ ಜೊತೆ ಇದನ್ನು ಹೊಂದಿಸಿಕೊಂಡು ಹೋಗುತ್ತೇನೆ ಎಂದು ಮಗ ಹೇಳಿದರೂ ಒಪ್ಪಬೇಡಿ. ಭೂಮಿಯ ಆಕಾರಕ್ಕೆ ಆಗ ಹಿಡಿದ ಲೆಕ್ಕ ಜಾರ್ಜ್ ಎವರೆಸ್ಟ್ ಎಂಬ ಸರ್ವೆ ಅಧಿಕಾರಿಯ 1830ರ ಲೆಕ್ಕ, ಜಿಪಿಎಸ್‌ನ ಲೆಕ್ಕ ಬೇರೆ. ಅದೊಂದರಿಂದಲೇ ಜಾಗ ನೂರು ಮೀಟರಿನಷ್ಟು ಆಚೀಚೆ ಸರಿಯುತ್ತದೆ. ಬಂಡೆಯ ಅಂಚಿನಲ್ಲಿ ನೂರು ಮೀಟರ್ ಎಂದರೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹುಡುಗನ ಉತ್ಸಾಹ ಕೆಡಿಸುವುದು ನನ್ನ ಉದ್ದೇಶ ಅಲ್ಲ. ಅನುಮತಿ ಪಡೆದು ಇಲಾಖೆಯ ಗೈಡ್ ಜೊತೆ ಶಿಖರಕ್ಕೆ ಹೋಗಲಿ. ಹೋಗುವ ಮೊದಲು ಮನೆಯಲ್ಲಿ ಕೂತು ಈ ನಕ್ಷೆ ಓದಲಿ. ಕಂದು ಬಣ್ಣದ ಎತ್ತರದ ಗೆರೆಗಳು (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು) ಹೊಳೆ ದಾಟುವಲ್ಲಿ ಇಂಗ್ಲಿಷಿನ ವಿ ಅಕ್ಷರದ ಹಾಗೆ ಬಾಗುತ್ತವೆ. ವಿ ಅಕ್ಷರದ ಚೂಪು ತುದಿ ಯಾವಾಗಲೂ ನೀರು ಬರುವ ಮೇಲಿನ ದಿಕ್ಕಿಗೆ. ಇದೊಂದು ಗೊತ್ತಾದರೆ ನೀರು ಎತ್ತ ಹರಿಯುತ್ತದೆ ಅಂತ ಬೆರಳಿಟ್ಟು ಹೇಳಬಹುದು. ಏಣಿನ ಒಂದು ಬದಿಗೆ ಬಿದ್ದ ಮಳೆ ನೇತ್ರಾವತಿಗೆ ಸೇರಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಮಂಗಳೂರಿನಲ್ಲಿ ಕಡಲಿಗೆ ಬರುತ್ತದೆ. ಇನ್ನೊಂದು ಬದಿಗೆ ಬಿದ್ದದ್ದು ಭದ್ರೆಯಾಗಿ, ಕೂಡಲಿಯಲ್ಲಿ ತುಂಗೆಯನ್ನು ಸೇರಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಆ ಏಣಿನ ಉದ್ದಕ್ಕೆ ಪೆನ್ಸಿಲ್ ಓಡಿಸಲಿ, ಆದರೆ ಜೆರಾಕ್ಸ್ ಪ್ರತಿಯ ಮೇಲೆ. ನಕ್ಷೆಯಲ್ಲಿ ಅಲ್ಲೇ ಅಕ್ಕಪಕ್ಕ ರಾಜ್ಯದ ಗಡಿ ಕಾಣುತ್ತದೆ: ಕೆಳಗೆ ಮದ್ರಾಸ್ ಪ್ರಾಂತ್ಯದ ಸೌತ್ ಕೆನರಾ, ಮೇಲೆ ಮೈಸೂರು ಸಂಸ್ಥಾನ. 1956ರ ತನಕ ನಿಮ್ಮ ಅಜ್ಜ ಕಳಸಕ್ಕೆ ಹೋದರೆ ಬೇರೆ ರಾಜ್ಯಕ್ಕೆ ಹೋದ ಹಾಗೆ.

ಹೆಸರುಗಳನ್ನೂ ನೋಡಿ. ನಮ್ಮ ಜಿಲ್ಲೆಯಲ್ಲಿ ತಗ್ಗಿನ ಗದ್ದೆ ಬೈಲು, ನಡುವಿನದು ಮಜಲು, ಎತ್ತರದ್ದು ಬೆಟ್ಟು ಅಲ್ವಾ? ಘಟ್ಟದ ಬುಡದ ಊರಿನ ಹೆಸರುಗಳಲ್ಲಿ ಇವು ಬಂದಾಗ ಪಕ್ಕದ ಎತ್ತರದ ಗೆರೆಗಳ ಜೊತೆ ತಾಳೆ ಹಾಕಿ. ಹೆಸರೇ ನೆಲದ ಮಟ್ಟ ಹೇಳುವುದನ್ನು ಕಂಡರೆ ಖುಷಿಯಾಗುತ್ತದೆ. ಆದರೆ ತುಳುವಿನ ಹೆಸರು ಹೊರಗಿನ ಸರ್ವೇಯರನ ಕಿವಿಗೆ ಬಿದ್ದು, ಇಂಗ್ಲಿಷ್ ಅಕ್ಷರಕ್ಕೆ ಇಳಿದು, ಈಗ ನಾವು ಅದನ್ನು ಮತ್ತೆ ಕನ್ನಡಕ್ಕೆ ತರುತ್ತಿದ್ದೇವೆ. ಲ ಮತ್ತು ಳ, ನ ಮತ್ತು ಣ ದಾರಿಯಲ್ಲಿ ಕಳೆದುಹೋಗಿರುತ್ತವೆ. ನಕ್ಷೆಯಲ್ಲಿದೆ ಅಂತ ಊರಿನ ಹೆಸರು ತಿದ್ದಲು ಹೋಗಬೇಡಿ. ಊರಿನವರ ಬಾಯಲ್ಲಿ ಇರುವುದೇ ಸರಿ.

ಇನ್ನು ಬೂಷ್ಟು, ಹುಳ, ಲ್ಯಾಮಿನೇಷನ್.

ಈ ನಕ್ಷೆಯನ್ನು ತುಂಡು ಮಾಡಿ ಬಟ್ಟೆಗೆ ಅಂಟಿಸಿದ್ದು ಮಡಚಿ ಜೇಬಿನಲ್ಲೋ ಚೀಲದಲ್ಲೋ ಇಟ್ಟುಕೊಳ್ಳಲು. ಮಡಿಕೆ ಬರುವಲ್ಲಿ ಕಾಗದವೇ ಇಲ್ಲದ ಕಾರಣ ಹರಿಯುವುದಿಲ್ಲ. ಆದರೆ ಅಂಟಿಸಿದ್ದು ಹಿಟ್ಟಿನ ಗಂಜಿಯಿಂದ. ಹುಳಕ್ಕೆ ಅದೇ ಊಟ, ಬೂಷ್ಟಿಗೂ ಅದೇ. ಮಳೆಗಾಲದಲ್ಲಿ ನಮ್ಮ ಗಾಳಿಯ ತೇವ ಶೇಕಡಾ 90ರ ಹತ್ತಿರ ಹೋಗುತ್ತದೆ. ಕಾಗದಕ್ಕೆ ಹಿತವಾದದ್ದು 50ರ ಆಸುಪಾಸು. ನಿಮ್ಮ ನಕ್ಷೆ ಇಷ್ಟು ವರ್ಷ ಉಳಿದದ್ದಕ್ಕೆ ಅಟ್ಟದ ಕೆಳಗಿನ ಒಲೆಯ ಹೊಗೆ ಮತ್ತು ಬಿಸಿ ಕಾರಣ ಇರಬಹುದು. ಈಗಿನ ಕಾಂಕ್ರೀಟ್ ಮನೆಗೆ ಬಂದ ಮೇಲೆ ಬೂಷ್ಟು ಜೋರಾಗಿದ್ದರೆ ಆಶ್ಚರ್ಯ ಇಲ್ಲ.

ಲ್ಯಾಮಿನೇಷನ್ ಬೇಡವೇ ಬೇಡ. ಬಿಸಿ ಮಾಡಿದ ಪ್ಲಾಸ್ಟಿಕ್ ಅಂಟು ಕಾಗದದ ಎಳೆಯೊಳಗೆ ಇಳಿಯುತ್ತದೆ, ಮತ್ತೆ ಬಿಡಿಸಲು ಆಗುವುದಿಲ್ಲ. ಒಳಗಿನ ತೇವ ಹೊರಗೆ ಬರುವುದಿಲ್ಲ, ಬೂಷ್ಟು ಒಳಗೇ ಬೆಳೆಯುತ್ತದೆ. ಕೆಲಸ ಕಲಿಯುವ ಮೊದಲು ನಾನೇ ಒಂದು ಹಳೇ ನಕ್ಷೆಯನ್ನು ಅಂಗಡಿಗೆ ಕೊಟ್ಟು ಲ್ಯಾಮಿನೇಟ್ ಮಾಡಿಸಿದ್ದೆ. ಮೂರು ಮಳೆಗಾಲ ಕಳೆಯುವುದರೊಳಗೆ ಪ್ಲಾಸ್ಟಿಕ್ಕಿನ ಕೆಳಗೆ ಕಂದು ಕಲೆಗಳು ಹರಡಿದವು. ಈಗ ಈ ಕೆಲಸ ಗೊತ್ತಿದ್ದೂ ಅದನ್ನು ಉಳಿಸಲು ನನ್ನಿಂದ ಆಗಲಿಲ್ಲ. ಆ ನೋವು ಇವತ್ತಿಗೂ ಇದೆ.

ನೀವು ಮನೆಯಲ್ಲೇ ಮಾಡಬಹುದಾದದ್ದು ಇಷ್ಟು. ಮಳೆ ಇಲ್ಲದ ಒಣ ದಿನ ನೋಡಿ. ಮೂಗು ಬಾಯಿಗೆ ಮಾಸ್ಕ್ ಹಾಕಿಕೊಳ್ಳಿ. ನೆರಳಿರುವ ಜಗಲಿಯಲ್ಲಿ ನಕ್ಷೆಯನ್ನು ಬಿಳಿ ಬಟ್ಟೆಯ ಮೇಲೆ ಬಿಡಿಸಿ ಒಂದು ದಿನ ಗಾಳಿಗೆ ಬಿಡಿ. ಬೂಷ್ಟು ಪೂರ್ತಿ ಒಣಗಿದ ಮೇಲೆ ಮೃದುವಾದ ಬಣ್ಣದ ಬ್ರಶ್ಶಿನಿಂದ ಹೊರಮುಖವಾಗಿ ಮೆಲ್ಲಗೆ ಹೊಡೆಯಿರಿ. ಒದ್ದೆ ಇರುವಾಗ ಮುಟ್ಟಿದರೆ ಒಳಗೆ ಉಜ್ಜಿದ ಹಾಗೆ. ಕಂದು ಕಲೆ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಆಮೇಲೆ ಆಮ್ಲ ಇಲ್ಲದ ಕಾಗದದ ನಡುವೆ ಇಟ್ಟು, ಸಾಧ್ಯವಾದರೆ ಬಿಡಿಸಿದ ಸ್ಥಿತಿಯಲ್ಲೇ, ಗೋದ್ರೇಜ್ ಕಪಾಟಿನ ಅಗಲ ಹಲಗೆಯ ಮೇಲೆ ಇಡಿ. ಕಪಾಟು ಮಳೆ ಹೊಡೆಯುವ ಪಶ್ಚಿಮದ ಗೋಡೆಗೆ ತಾಗದಿರಲಿ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಸಾಲದು, ಮಳೆಗಾಲದಲ್ಲಿ ಆಗಾಗ ಬದಲಿಸಬೇಕು. ನುಸಿಗುಳಿಗೆಯನ್ನು ನಕ್ಷೆಗೆ ತಾಗಿಸಿ ಇಡಬೇಡಿ.

ಬಟ್ಟೆಯಿಂದ ಏಳುತ್ತಿರುವ ತುಂಡುಗಳಿದ್ದರೆ ಫೆವಿಕಾಲ್ ಹಚ್ಚಬೇಡಿ. ಅದಕ್ಕೆ ಗೋಧಿ ಪಿಷ್ಟದ ಅಂಟು, ತೆಳು ಜಪಾನಿ ಕಾಗದ, ಕಲಿತ ಕೈ ಬೇಕು. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ. ಖರ್ಚು ಬರುತ್ತದೆ, ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಹತ್ತಿರದಲ್ಲೇ ಸಲಹೆ ಬೇಕಾದರೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಬಾಸೆಲ್ ಮಿಷನ್ ಕಾಲದ ಹಳೇ ಕಾಗದಪತ್ರಗಳ ಸಂಗ್ರಹ ಇದೆ. ಹಳೇ ಕಾಗದದ ಜೊತೆ ದಿನಾ ಬದುಕುವವರನ್ನು ಕೇಳುವುದು ಒಳ್ಳೆಯದು.

ಗೋಡೆಗೆ ಹಾಕುವ ಆಸೆಗೂ ದಾರಿ ಇದೆ. ಒಳ್ಳೆಯ ಕ್ಯಾಮೆರಾ ಸ್ಟ್ಯಾಂಡಿಗೆ ಕಟ್ಟಿ, ಮೇಲಿನಿಂದ ನೇರವಾಗಿ, ಒಂದೊಂದು ತುಂಡಿನ ಫೋಟೋ ತೆಗೆಸಿ. ಕಟ್ಟಡದ ಪ್ಲಾನ್ ಸ್ಕ್ಯಾನ್ ಮಾಡುವ ಅಂಗಡಿಗಳಲ್ಲಿ ರೋಲರ್ ಇರುವ ಯಂತ್ರ ಇರುತ್ತದೆ, ಅದರೊಳಗೆ ತೂರಿಸಲು ಕೊಡಬೇಡಿ. ತುಂಡುಗಳು ಎದ್ದುಬರುತ್ತವೆ. ತಮ್ಮನಿಗೆ ಕಂಪ್ಯೂಟರ್ ಗೊತ್ತಿದ್ದರೆ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಈಗಿನ ನಕ್ಷೆಯ ಜೊತೆ ಹೋಲಿಸಬಹುದು. ಸರ್ವೆ ಆಫ್ ಇಂಡಿಯಾದ ಈಗಿನ ಸರಣಿಯಲ್ಲಿ ನಮ್ಮ ಭಾಗದ ಹಾಳೆಗಳ ನಂಬರು ಡಿ43 ಎಂದು ಶುರುವಾಗುತ್ತದೆ. ಇಡೀ ನಕ್ಷೆಯನ್ನು ಒಂದೇ ಚಿತ್ರವಾಗಿ ಹೊಂದಿಸಲು ಹೋದರೆ ಮಾತ್ರ ತಪ್ಪಾಗುತ್ತದೆ. ತುಂಡುಗಳ ನಡುವೆ ಬಟ್ಟೆ ಕಾಣುವ ಸಂದು ಎರಡು ಮಿಲಿಮೀಟರ್ ಇದ್ದರೂ ಅದು ನೆಲದ ಮೇಲೆ ಸುಮಾರು 125 ಮೀಟರ್ ಆಗಿಬಿಡುತ್ತದೆ. ಒಂದೊಂದು ತುಂಡನ್ನೂ ಬೇರೆ ಬೇರೆಯಾಗಿ ಕೂರಿಸಬೇಕು. ಆ ಫೋಟೋಗಳಿಂದ ದೊಡ್ಡ ಪ್ರಿಂಟ್ ತೆಗೆದು ಚೌಕಟ್ಟು ಹಾಕಿಸಿ, ಬೇಕಾದರೆ ಅದನ್ನು ಲ್ಯಾಮಿನೇಟ್ ಮಾಡಲಿ. ನನ್ನ ಅಭ್ಯಂತರ ಇಲ್ಲ.

ಕೊನೆಗೆ ಪೆನ್ಸಿಲ್ ಗುರುತು. ನಕ್ಷೆ ಕ್ಲೀನ್ ಮಾಡುವಾಗ ಅದನ್ನು ರಬ್ಬರಿನಿಂದ ಅಳಿಸಬೇಕಾ ಅಂತ ನೀವು ಕೇಳಲಿಲ್ಲ, ಆದರೆ ಯಾರಾದರೂ ಅಳಿಸಿಬಿಟ್ಟಾರು ಎಂಬ ಭಯ ನನಗೆ. ಮರದ ಕೆಲಸದ ರೈಟರಿಗೆ ಯಾವ ಹೊಳೆ ಎಲ್ಲಿ ದಾಟಬಹುದು, ಎತ್ತಿನ ಗಾಡಿ ಎಲ್ಲಿಯ ತನಕ ಹೋಗುತ್ತದೆ, ಆಳುಗಳು ಎಲ್ಲಿ ತಂಗಬಹುದು ಎಂಬ ಲೆಕ್ಕವೆಲ್ಲ ಬೇಕಿತ್ತು. ನಿಮ್ಮ ಗುರುತುಗಳು ಅಂಥವು ಇರಬಹುದು, ಬೇರೆಯೂ ಇರಬಹುದು. ಸರ್ವೆಯವರು ಗುಡ್ಡದ ಮೇಲೆ ನಿಂತು ನೋಡಿದ ಕಣಿವೆಯೊಳಗೆ ನಿಮ್ಮ ಅಜ್ಜ ಇಳಿದು ನಡೆದಿದ್ದಾರೆ. ಅವರ ಜೊತೆ ಕೆಲಸ ಮಾಡಿದವರ ಮಕ್ಕಳು, ಘಟ್ಟದ ಬುಡದ ಹಿರಿಯರು ಯಾರಾದರೂ ಇದ್ದರೆ ಪ್ರಿಂಟ್ ತೆಗೆದುಕೊಂಡು ಹೋಗಿ. ಸೋದರಮಾವನನ್ನೂ ಕರೆದುಕೊಂಡು ಹೋಗಿ, ಅವರಿಗೆ ದಾರಿ, ಮನೆ ಎಲ್ಲ ಗೊತ್ತಿರುತ್ತದೆ. ಪ್ರಿಂಟಿನ ಮೇಲೆ ಅವರ ಬೆರಳು ಓಡಲಿ, ಅವರು ಹೇಳಿದ್ದನ್ನು ಅಲ್ಲೇ ಪೆನ್ನಿನಲ್ಲಿ ಬರೆದುಕೊಳ್ಳಿ, ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಿ. ಇದನ್ನು ಮಾತ್ರ ಮುಂದಿನ ಮಳೆಗಾಲಕ್ಕೆ ಮುಂಚೆಯೇ ಮಾಡಿ.